ಏರಿಲ್ಲದ ದಾರಿಯಲ್ಲಿ ಹೋದರೆ ಅದು ಯಾತ್ರೆಯೇ?

ಕಳೆದ ತಪಸ್ಸುಕಾಲದಲ್ಲಿ ನಮ್ಮ ಯುವಕೂಟದ ಸಭೆಯಲ್ಲಿ ಒಂದು ಮಾತು ಬಂತು. ಗುಡ್ಡದ ಮೇಲಿನ ಶಿಲುಬೆಯವರೆಗೆ ನಾವು ಪ್ರತಿ ವರ್ಷ ಮಾಡುವ ಶಿಲುಬೆಹಾದಿಗೆ ವಯಸ್ಸಾದವರನ್ನೂ ಕಾಲು ನೋವಿನವರನ್ನೂ ಅರ್ಧ ದಾರಿ ಟೆಂಪೋದಲ್ಲಿ ಕರೆದುಕೊಂಡು ಹೋಗೋಣ ಎಂದು ನಾವು ಕೆಲವರು ಹೇಳಿದೆವು. ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು, ನಾವೆಲ್ಲ ತಾತ ಎಂದೇ ಕರೆಯುವವರು, ಎದ್ದು ನಿಂತರು. “ಟೆಂಪೋಲಿ ಕೂತ್ಕಂಡು ಹೋದ್ರೆ ಅದ್ಯಾವ ಶಿಲುಬೆಹಾದಿ ಮಕ್ಕಳಾ? ಅದು ಟೂರು” ಎಂದರು. ಯಾರೂ ಎದುರು ಹೇಳಲಿಲ್ಲ. ಟೆಂಪೋ ಬರಲಿಲ್ಲ. ಆ ದಿನ ಬರಲಾಗದೆ ಮನೆಯಲ್ಲೇ ಜಪಮಾಲೆ ಹಿಡಿದು ಕುಳಿತವರು ಎಷ್ಟು ಮಂದಿ ಎಂದು ಆಮೇಲೆ ಎಣಿಸಿದೆವು. ಹನ್ನೊಂದು ಜನ.

ಆ ಮಾತು ನಮ್ಮನ್ನು ಬಿಡಲಿಲ್ಲ. ಕಷ್ಟವಿಲ್ಲದಿದ್ದರೆ ಪುಣ್ಯವಿಲ್ಲವೇ? ಸಲೀಸಾದ ದಾರಿಯಲ್ಲಿ ಹೋದವನು ದೇವರ ಕಡೆಗೆ ಹೋದ ಹಾಗಾಗುವುದಿಲ್ಲವೇ?

ಇದಕ್ಕೆ ಉತ್ತರ ಹುಡುಕುತ್ತಾ ನಾವು ಇಟಲಿಗೆ ಹೋದೆವು, ಫೋನಿನಲ್ಲಿ! ನಮ್ಮ ಊರಿನಿಂದ ಸಿಸ್ಟರ್ ಆಗಿ ಹೋದ ಅಕ್ಕ ಒಬ್ಬರು ಮಾಂತೊವಾ ಪಟ್ಟಣದ ಕಡೆ ವೃದ್ಧಾಶ್ರಮವೊಂದರಲ್ಲಿ ಸೇವೆ ಮಾಡುತ್ತಿದ್ದಾರೆ. ಅಲ್ಲಿ ಅವರು ಸೈಕಲ್ಲಿನಲ್ಲೇ ಓಡಾಡುತ್ತಾರೆ. ದಿಂಬಂ ಘಾಟಿನ 27 ತಿರುವುಗಳನ್ನು ನೋಡಿ ಬೆಳೆದ ನಮಗೆ ಅವರು ಕಳಿಸಿದ ಚಿತ್ರಗಳು ಸುಳ್ಳೇನೋ ಎನ್ನಿಸಿದವು. ಎಲ್ಲಿ ನೋಡಿದರೂ ಚಪ್ಪಟೆ ನೆಲ. ಗಾರ್ಡಾ ಸರೋವರದ ದಂಡೆಯ ಪೆಸ್ಕಿಯೇರಾದಿಂದ ಮಾಂತೊವಾದವರೆಗೆ ಮಿಂಚೊ ನದಿಯ ಪಕ್ಕದಲ್ಲಿ ಸೈಕಲ್ಲಿಗೆಂದೇ ಒಂದು ದಾರಿ ಇದೆ. ಸುಮಾರು 43 ಕಿಲೋಮೀಟರು. ಅಷ್ಟು ದೂರದಲ್ಲಿ ನೆಲ ಇಳಿಯುವುದು ಐವತ್ತು ಮೀಟರಿನಷ್ಟು ಮಾತ್ರ. ನಮ್ಮ ಗುಡ್ಡದಲ್ಲಿ ಅಷ್ಟು ಎತ್ತರ ನಾಲ್ಕನೆಯ ಸ್ಥಳ ಮುಗಿಯುವುದರೊಳಗೆ ಬಂದುಬಿಡುತ್ತದೆ.

ನಮ್ಮಲ್ಲಿ ಬಿಎಸ್ಸಿ ಓದಿದವರು ಇದ್ದೇವಲ್ಲ, ಲೆಕ್ಕ ಹಾಕದೆ ಇರಲಾಗಲಿಲ್ಲ. ಸೈಕಲ್ಲೂ ಸವಾರನೂ ಸೇರಿ 80 ಕಿಲೋ ಎಂದುಕೊಳ್ಳಿ. ಸಮತಟ್ಟಾದ ಟಾರು ದಾರಿಯಲ್ಲಿ ಟೈರಿನ ಉಜ್ಜಾಟಕ್ಕೆ ಎದುರಾಗಿ ಬೇಕಾಗುವ ಬಲ ಸುಮಾರು 4 ನ್ಯೂಟನ್. ನೂರಕ್ಕೆ ಐದರ ಏರು ಬಂತೆಂದರೆ ಭೂಮಿಯ ಸೆಳೆತವನ್ನು ಎದುರಿಸಲೇ ಇನ್ನೂ 39 ನ್ಯೂಟನ್ ಬೇಕು. ಹತ್ತರಷ್ಟು! ಹಾಗಾದರೆ ತಾತನ ಲೆಕ್ಕದಲ್ಲಿ ಅಲ್ಲಿನವರಿಗೆ ನಮ್ಮ ಹತ್ತರಲ್ಲಿ ಒಂದು ಪಾಲು ಪುಣ್ಯ ಸಿಗಬೇಕು.

ಅಕ್ಕನಿಗೆ ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟರು. ಆಮೇಲೆ ಹೇಳಿದ ಮಾತು ನಮಗೆ ಹೊಸದು. ಗುಡ್ಡದ ದಾರಿಯಲ್ಲಿ ಏರು ಇದ್ದರೆ ಇಳಿಜಾರೂ ಇರುತ್ತದೆ, ಅಲ್ಲಿ ಕಾಲಿಗೆ ವಿಶ್ರಾಂತಿ. ಬಯಲಿನಲ್ಲಿ ಪೆಡಲು ನಿಲ್ಲಿಸಿದರೆ ಸ್ವಲ್ಪ ದೂರದಲ್ಲೇ ಸೈಕಲ್ಲೂ ನಿಲ್ಲುತ್ತದೆ. ಎದುರುಗಾಳಿ ಬಂದರೆ ಮರೆಯೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ತುಳಿಯುತ್ತಿರಬೇಕು. “ಇಲ್ಲಿ ಮುದುಕರ ಬಟ್ಟೆ ಬದಲಾಯಿಸೋದು, ಗಂಜಿ ಕುಡಿಸೋದು ಹಂಗೇನೆ. ತುದಿ ಮುಟ್ಟಿದೆವು ಅಂತ ಹೇಳೋ ದಿನಾನೇ ಬರೋದಿಲ್ಲ” ಎಂದರು. ವರ್ಷಕ್ಕೊಮ್ಮೆ ಗುಡ್ಡ ಹತ್ತಿ ಫೋಟೋ ತೆಗೆಸಿಕೊಂಡು ಬರುವ ನಮಗೆ ಸ್ವಲ್ಪ ನಾಚಿಕೆಯಾಯಿತು.

ಆದರೂ ತಾತನ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮಿಂಚೊ ದಾರಿಯಲ್ಲಿ ಬೋರ್ಗೆತ್ತೊ ಎಂಬ ಪುಟ್ಟ ಊರಿದೆ, ನೀರಿನಿಂದ ತಿರುಗುವ ಹಳೆಯ ಗಿರಣಿಗಳ ಊರು. ಅದರ ಪಕ್ಕದಲ್ಲೇ ಮಿಲಾನಿನ ದೊರೆ ಜಾನ್ ಗಲೆಯಾತ್ಸೊ ವಿಸ್ಕೊಂತಿ 1393ರಲ್ಲಿ ಕಟ್ಟಿಸಿದ ಭಾರಿ ಸೇತುವೆಯ ಅಣೆಕಟ್ಟು. ಮಾಂತೊವಾ ಪಟ್ಟಣವನ್ನು ಕಾಯುತ್ತಿದ್ದುದು ಅದರ ಸುತ್ತಲ ನೀರು. ಆ ನೀರನ್ನೇ ತಪ್ಪಿಸಿ ಪಟ್ಟಣವನ್ನು ಬಗ್ಗಿಸಲು ಹೂಡಿದ ಉಪಾಯ ಅದು. ಈಗ ಸೈಕಲ್ ಸವಾರರು ಅಲ್ಲಿ ಐಸ್‌ಕ್ರೀಮ್ ತಿಂದು ಮುಂದೆ ಹೋಗುತ್ತಾರೆ. ಮಾಂತೊವಾದ ಸಂತ ಅಂದ್ರೆಯಾ ದೇವಾಲಯದಲ್ಲಿ ಕ್ರಿಸ್ತರ ಪವಿತ್ರ ರಕ್ತವೆಂದು ಭಕ್ತರು ಗೌರವಿಸುವ ಅವಶೇಷವನ್ನು ಶುಭ ಶುಕ್ರವಾರ ಹೊರಗೆ ತರುತ್ತಾರೆ. ಅಲ್ಲೂ ಹತ್ತು ನಿಮಿಷ ಒಳಗೆ ಹೋಗಿ ಬಂದು ಊಟದ ಜಾಗ ಹುಡುಕುವವರು ಇರುತ್ತಾರಂತೆ. ದಾರಿ ಸಲೀಸಾದಷ್ಟೂ ಜಾರಿಹೋಗುವುದೂ ಸಲೀಸು. ಇದು ಇಟಲಿಯವರ ದೋಷವಲ್ಲ. ವೇಳಾಂಗಣ್ಣಿಗೆ ಬಸ್ಸಿನಲ್ಲಿ ಹೋಗಿ ಬರುವಾಗ ನಮ್ಮಲ್ಲೂ ಕೆಲವರಿಗೆ ಸಮುದ್ರದ ನೆನಪೇ ಹೆಚ್ಚು.

ಇನ್ನೊಂದು ವಿಷಯ. ಆ ಸಪಾಟು ದಾರಿಯಲ್ಲೇ ಹೋದರೆ ಸಂತ ಅಲೋಶಿಯಸರ ಊರು ಸಿಗುವುದಿಲ್ಲ! ಮಂಗಳೂರಿನಲ್ಲಿ ಯೇಸುಸಭೆಯವರು 1880ರಲ್ಲಿ ಆರಂಭಿಸಿದ ಕಾಲೇಜಿನಿಂದ ನಮಗೆಲ್ಲ ಪರಿಚಿತವಾದ ಹೆಸರು ಅದು. ಅವರು 1568ರಲ್ಲಿ ಹುಟ್ಟಿದ ಕಾಸ್ತಿಲ್ಯೋನೆ ಇರುವುದು ನದಿ ಬಿಟ್ಟು ಪಡುವಣಕ್ಕೆ ತಿರುಗಿದರೆ ಸಿಗುವ ದಿಣ್ಣೆಗಳ ಸೀಮೆಯಲ್ಲಿ. ಅರಸುಮನೆತನದ ಹಿರಿಯ ಮಗ. 1585ರಲ್ಲಿ ಮಾಂತೊವಾದಲ್ಲಿ ತನ್ನ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು, ರೋಮಿಗೆ ಹೋಗಿ ಯೇಸುಸಭೆಗೆ ಸೇರಿದರು. ತಾತ ಕೇಳಿದರೆ “ನೋಡಿ, ಸಂತರು ಸುಖ ಬಿಟ್ಟು ಎದ್ದು ಹೋದವರೇ” ಎನ್ನುತ್ತಾರೆ. ನಿಜ. ಹುಡುಗನಾಗಿದ್ದಾಗಲೇ ಅಲೋಶಿಯಸರು ತಮ್ಮ ಮೈಯನ್ನು ಉಪವಾಸದಿಂದಲೂ ನಿದ್ದೆಗೆಟ್ಟೂ ದಂಡಿಸಿದ್ದು ಕಡಿಮೆಯಲ್ಲ. ಆದರೆ ಅವರ ಚರಿತ್ರೆಯಲ್ಲಿ ನಮಗೆ ಹಿಡಿಸಿದ್ದು ಮುಂದಿನ ಭಾಗ. ಮಠಕ್ಕೆ ಸೇರಿದ ಮೇಲೆ ಹಿರಿಯ ಗುರುಗಳು ಅವರ ಉಪವಾಸವನ್ನೂ ದಂಡನೆಯನ್ನೂ ಕಡಿಮೆ ಮಾಡಿಸಿದರು. ಹೊಟ್ಟೆ ತುಂಬ ಉಣ್ಣು, ಎಲ್ಲರ ಜೊತೆ ಇರು ಎಂಬ ಆಜ್ಞೆಗೆ ತಲೆಬಾಗುವುದೇ ಅವರಿಗೆ ಕಷ್ಟದ ತಪಸ್ಸಾಯಿತೇನೋ. 1591ರಲ್ಲಿ ರೋಮಿನಲ್ಲಿ ಪಿಡುಗು ಹರಡಿದಾಗ ರೋಗಿಗಳ ಸೇವೆಗೆ ಹೋದರು. ಬೀದಿಯಲ್ಲಿ ಕಂಡ ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದರು. ಅದೇ ಜೂನ್ 21ರಂದು ತೀರಿಕೊಂಡರು. ವಯಸ್ಸು 23, ಈ ಬರಹ ಬರೆಯುತ್ತಿರುವ ನಮ್ಮ ವಯಸ್ಸೇ. ಆ ರೋಗಿಗೆ ಅಲೋಶಿಯಸರ ಹೆಗಲು ಟೆಂಪೋ ಇದ್ದ ಹಾಗೆಯೇ ಅಲ್ಲವೇ?

ಅದೇ ಕಾಸ್ತಿಲ್ಯೋನೆಗೆ 1859ರ ಜೂನಿನಲ್ಲಿ ಪಕ್ಕದ ಸೊಲ್ಫೆರಿನೊ ಯುದ್ಧದ ಗಾಯಾಳುಗಳು ಸಾವಿರಗಟ್ಟಲೆ ಬಂದರು. ದೇವಾಲಯಗಳೇ ಆಸ್ಪತ್ರೆಗಳಾದವು. ಊರಿನ ಹೆಂಗಸರು ತಮ್ಮವರು, ಶತ್ರುಗಳು ಎಂದು ನೋಡದೆ ಎಲ್ಲರೂ ಅಣ್ಣತಮ್ಮಂದಿರೇ ಎಂದುಕೊಂಡು ನೀರು ಕುಡಿಸಿದರು, ಗಾಯ ಕಟ್ಟಿದರು. ಅದನ್ನು ಕಣ್ಣಾರೆ ಕಂಡ ಆನ್ರಿ ದ್ಯುನಾನ್ ಎಂಬ ಸ್ವಿಸ್ ವ್ಯಾಪಾರಿ ಪುಸ್ತಕ ಬರೆದ. ಅದರಿಂದಲೇ ರೆಡ್‌ಕ್ರಾಸ್ ಹುಟ್ಟಿತು. ಆ ಗಾಯಾಳುಗಳು ಗಾಡಿಯಲ್ಲಿ ಬಂದರೋ ನಡೆದು ಬಂದರೋ ಎಂದು ಆ ಹೆಂಗಸರು ಕೇಳಲಿಲ್ಲ.

ನಮ್ಮ ತಮಿಳು ಗೆಳೆಯರಿಗೂ ಆ ಊರು ಹತ್ತಿರದ್ದೇ. ವೀರಮಾಮುನಿವರ್ ಎಂದು ಅವರು ಕೊಂಡಾಡುವ ಬೆಸ್ಕಿ ಗುರುಗಳು 1680ರಲ್ಲಿ ಹುಟ್ಟಿದ್ದು ಅಲ್ಲೇ. ತೇಂಬಾವಣಿ ಕಾವ್ಯ ಬರೆದದ್ದಷ್ಟೇ ಅಲ್ಲ, ತಮಿಳಿನಲ್ಲಿ ಹ್ರಸ್ವ ದೀರ್ಘ ಎ, ಒ ಅಕ್ಷರಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಹಾಗೆ ಮಾಡಿದ ಕೀರ್ತಿಯೂ ಅವರದು. ಓದುವವರ ದಾರಿಯಲ್ಲಿದ್ದ ಕಲ್ಲೊಂದನ್ನು ತೆಗೆದು ಬದಿಗಿಟ್ಟರು. ಓದು ಸುಲಭವಾಯಿತು, ಇನ್ನು ಇದು ಓದೇ ಅಲ್ಲ ಎಂದು ಆಗಲೂ ಯಾರಾದರೂ ಗೊಣಗಿರಬಹುದು.

ಇಲ್ಲಿಗೆ ಬಂದ ಮೇಲೆ ನಮ್ಮ ಪ್ರಶ್ನೆಯೇ ಬದಲಾಯಿತು. ಮಾಂತೊವಾದಿಂದ ಕೆಳಗೆ ಮಿಂಚೊ ಹೋಗಿ ಪೊ ನದಿಗೆ ಸೇರುತ್ತದೆ. ಇಟಲಿಯ ಅತಿ ಉದ್ದದ ನದಿ, 652 ಕಿಲೋಮೀಟರು. ಫೆರ್ರಾರಾ ಕಡೆ ಅದರ ಬಲದಂಡೆಯ ಏರಿಯ ಮೇಲೆ ನೂರಕ್ಕೂ ಹೆಚ್ಚು ಕಿಲೋಮೀಟರು ಸೈಕಲ್ ದಾರಿ. ನೆರೆ ಬಂದಾಗ ಅಲ್ಲಿ ನದಿಯ ನೀರು ಸುತ್ತಲ ಹೊಲಗಳಿಗಿಂತ ಎತ್ತರದಲ್ಲಿ ಹರಿಯುತ್ತದೆ. ಏರಿ ಒಡೆದರೆ ಊರೇ ಇಲ್ಲ. 1951ರ ನವೆಂಬರಿನಲ್ಲಿ ಪೊಲೆಸಿನೆ ಸೀಮೆಯಲ್ಲಿ ಹಾಗೇ ಆಯಿತು. ನೂರರಷ್ಟು ಜನ ಸತ್ತರು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆಮಠ ಕಳೆದುಕೊಂಡರು. ಆ ಏರಿಗಳಿಗೆ ಮಣ್ಣು ಹಾಕಿದವರು ಒಂಟಿ ಚಕ್ರದ ತಳ್ಳುಗಾಡಿ ಹಿಡಿದ ಕೂಲಿಯವರು. ಸ್ಕಾರಿಯೊಲಾಂತಿ ಎಂದೇ ಅವರ ಹೆಸರು. ಗಾಡಿಗೆ ಇಷ್ಟು ಎಂದು ಕೂಲಿ. ಇವತ್ತು ಅಲ್ಲಿ ಹಾಡಿಕೊಂಡು ಸೈಕಲ್ ತುಳಿಯುವವರ ಚಕ್ರದ ಕೆಳಗೆ ಇರುವುದು ಅವರ ಬೆನ್ನುನೋವು. ಅಂದರೆ ಅಲ್ಲಿ ಏರು ಇಲ್ಲದೆ ಹೋಗಿಲ್ಲ. ಅದನ್ನು ಬೇರೆ ಯಾರೋ ಮೊದಲೇ ಹತ್ತಿಬಿಟ್ಟಿದ್ದಾರೆ.

ಆಗಮನಕಾಲದಲ್ಲಿ ಪ್ರತಿ ವರ್ಷ ಸ್ನಾನಿಕ ಯೊವಾನ್ನರ ಬಾಯಲ್ಲಿ ಪ್ರವಾದಿ ಯೆಶಾಯನ ಮಾತು ಕೇಳುತ್ತೇವೆ. ಹಳ್ಳ ತುಂಬಬೇಕು, ಬೆಟ್ಟ ತಗ್ಗಬೇಕು, ಡೊಂಕು ನೆಟ್ಟಗಾಗಬೇಕು. ಪ್ರಭು ಬರುವ ದಾರಿ ಕಡಿದಾಗಿರಲಿ, ಜನ ಬೆವರಲಿ ಎಂದು ಅವರು ಹೇಳಲಿಲ್ಲ. ದಾರಿ ಸಮ ಮಾಡುವ ಕೆಲಸವನ್ನೇ ನಮಗೆ ಒಪ್ಪಿಸಿದರು. ಯೊವಾನ್ನರು ತಿಂದದ್ದು ಮಿಡತೆ, ಉಟ್ಟದ್ದು ಒಂಟೆಯ ಕೂದಲಿನ ಬಟ್ಟೆ. ಕಷ್ಟ ತಮಗೆ, ಸಲೀಸು ಬರುವವರಿಗೆ. ನಾವು ಅನೇಕ ಸಲ ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ಸಲೀಸು ನಮಗಿರಲಿ, ಕಷ್ಟಪಡಿ ಎಂಬ ಬೋಧನೆ ಅಜ್ಜಿಯರಿಗಿರಲಿ. ಕಾಲು ಗಟ್ಟಿಯಿರುವವರಿಗೆ ಗುಡ್ಡ ಹತ್ತುವುದು ಎಷ್ಟು ಮಾತ್ರದ ತ್ಯಾಗ? ನಿಧಾನವಾಗಿ ನಡೆಯುವ ಒಬ್ಬರ ಜೊತೆ ಹಿಂದೆ ಉಳಿಯುವುದೇ ನಮ್ಮ ವಯಸ್ಸಿನವರಿಗೆ ಹೆಚ್ಚು ಕಷ್ಟ.

ಒಂದು ಅಳುಕು ಮಾತ್ರ ಉಳಿದಿದೆ, ಮುಚ್ಚಿಡುವುದಿಲ್ಲ. ಎಲ್ಲವನ್ನೂ ಸಮ ಮಾಡಿಕೊಟ್ಟರೆ ನಮ್ಮ ನಂತರದ ಹುಡುಗರು ಮಣ್ಣು ಹೊತ್ತವರನ್ನು ಮರೆಯುವುದಿಲ್ಲವೇ? ಮರೆಯಬಹುದು. ತಾತನ ಕಾಲದವರು ಬರಿಗಾಲಲ್ಲಿ ನಡೆದು ಸವೆಸಿದ ಕಾಲುದಾರಿಯಲ್ಲೇ ನಾವು ಬೂಟು ಹಾಕಿಕೊಂಡು ಹತ್ತುತ್ತೇವೆ. ಆ ದಾರಿಯನ್ನು ಮೊದಲು ಕಡಿದವರ ಹೆಸರು ನಮಗೂ ಗೊತ್ತಿಲ್ಲ. ಕೇಳಿಕೊಳ್ಳಬೇಕೆಂದು ಈವರೆಗೆ ತೋಚಿರಲೂ ಇಲ್ಲ.

ಹೋದ ಭಾನುವಾರ ಕನ್ನಡ ಬಲಿಪೂಜೆ ಮುಗಿದ ಮೇಲೆ ತಾತನ ಮನೆಗೆ ಹೋಗಿ ಅದನ್ನೇ ಕೇಳಿದೆವು. ಒಂದು ಗಂಟೆ ಹೇಳಿದರು. ಅವರ ಅಪ್ಪನ ಕಾಲದಲ್ಲಿ ಕನ್ನಡದವರೂ ತಮಿಳರೂ ಸೇರಿ ಮೂರು ವಾರ ಮುಳ್ಳು ಕಡಿದರಂತೆ. ಈ ತಪಸ್ಸುಕಾಲಕ್ಕೆ ಮುಂಚೆ ಆರನೆಯ ಸ್ಥಳದವರೆಗೆ ಕಲ್ಲು ತೆಗೆದು, ಕೈಹಿಡಿಯಲು ಗಳ ಕಟ್ಟಿ, ಅಲ್ಲಿಯವರೆಗೆ ಟೆಂಪೋ ಹೋಗುವ ಹಾಗೆ ಮಾಡುತ್ತೇವೆ ಎಂದು ಹೇಳಿದೆವು. ತಾತ ಸುಮ್ಮನಿದ್ದರು. ಹೊರಡುವಾಗ ತಮ್ಮ ಮನೆಯ ಎರಡು ಗುದ್ದಲಿ ತೆಗೆದುಕೊಂಡು ಹೋಗಿ ಎಂದರು. ಟೆಂಪೋದಲ್ಲಿ ಕೂರುತ್ತೇನೆ ಎಂದು ಮಾತ್ರ ಇನ್ನೂ ಹೇಳಿಲ್ಲ.