ಭೂಪಟವೂ ಯುದ್ಧಕ್ರೀಡೆಯೂ

ಗತಕಾಲದ ಕಾಳಗವೊಂದನ್ನು ಮೇಜಿನ ಮೇಲೆ ಹರಡಿದ ಭೂಪಟದಲ್ಲಿ ಮರಳಿ ಹೂಡಿ, ಎರಡು ಪಕ್ಷದವರು ಎದುರುಬದುರಾಗಿ ಕುಳಿತು, ದಂಡುಗಳ ಗುರುತುಗಳನ್ನು ನಡೆಯಿಸಿ ಆಡುವ ಆಟವೊಂದು ಚರಿತ್ರೆಯಲ್ಲಿ ಅಭಿರುಚಿಯುಳ್ಳ ತರುಣರ ಬಳಕೆಗೆ ಬಂದಿದೆ. ಇದನ್ನು ಯುದ್ಧಕ್ರೀಡೆಯೆಂದು ಕರೆಯಬಹುದು. ಈ ಆಟವನ್ನು ಆಡುವುದಕ್ಕಿಂತಲೂ ಕಟ್ಟುವುದೇ ಹೆಚ್ಚು ಶ್ರಮದ ಕೆಲಸ. ಕಟ್ಟುವವನಿಗೆ ಮೊಟ್ಟಮೊದಲು ಬೇಕಾದುದು ಕಾಳಗ ನಡೆದ ನೆಲದ ಪಟ. ಆ ಪಟವನ್ನು ಅರಸುವುದು ಬರಿಯ ಕುಶಲತೆಯ ಕಾರ್ಯವೆಂದು ಮೇಲುನೋಟಕ್ಕೆ ತೋರುವುದಾದರೂ ಅದರೊಳಗೆ ಒಂದು ಧರ್ಮಪ್ರಶ್ನೆಯು ಅಡಗಿದೆ. ಮನುಷ್ಯರು ಸತ್ತ ನೆಲವನ್ನು ಆಟದ ಹಲಗೆಯಾಗಿ ಮಾಡುವುದು ಯುಕ್ತವೇ? ಯುಕ್ತವೆಂದಾದರೆ, ಆ ಹಲಗೆಯು ಎಷ್ಟರಮಟ್ಟಿಗೆ ಸತ್ಯವಾಗಿರತಕ್ಕದ್ದು?

ಯುದ್ಧವನ್ನು ವಿನೋದವಾಗಿ ಮಾಡುವುದು ಹೊಸತೇನೂ ಅಲ್ಲ. ಚತುರಂಗವೆಂಬ ಹೆಸರೇ ಆನೆ, ಕುದುರೆ, ರಥ, ಪದಾತಿಗಳೆಂಬ ನಾಲ್ಕಂಗದ ಸೇನೆಯನ್ನು ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳನ್ನು ಎಣಿಸುವಾಗ ಈ ಆಟವನ್ನೂ ವಿವರಿಸಿದ್ದಾನೆ. ಆದರೆ ಚದುರಂಗದ ಮನೆಗಳು ಯಾರ ಊರೂ ಅಲ್ಲ, ಯಾರ ಹೊಲವೂ ಅಲ್ಲ. ಅಲ್ಲಿ ಬಿದ್ದ ಕಾಲಾಳಿಗೆ ತಾಯಿಯಿಲ್ಲ. ಆದುದರಿಂದಲೇ ಅದು ನಿರ್ದೋಷವಾದ ಆಟ. ಪ್ರಷ್ಯ ದೇಶದ ರೈಸ್ವಿಟ್ಸ್ ಎಂಬ ತಂದೆಮಕ್ಕಳು ಈ ಸ್ಥಿತಿಯನ್ನು ಬದಲಾಯಿಸಿದರು. ೧೮೧೨ರಲ್ಲಿ ತಂದೆಯು ಗಾರೆಯಲ್ಲಿ ಎರಕಹೊಯ್ದ ಬೆಟ್ಟಹಳ್ಳಗಳ ತುಂಡುಗಳನ್ನು ಜೋಡಿಸಿ ಹಲಗೆ ಮಾಡಿದನು. ೧೮೨೪ರಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದ ಮಗನು ೧:೮೦೦೦ ಪ್ರಮಾಣದ ಭೂಪಟದ ಮೇಲೆಯೇ ಆಟವನ್ನು ತಂದನು. ಅಂದಿನಿಂದ ಹಲಗೆಗೆ ಊರುಗಳ ಹೆಸರು ಬಂದಿತು. ಹೆಸರು ಬಂದೊಡನೆ ಹೊಣೆಯೂ ಬಂದಿತೆಂದು ಹೇಳಬೇಕಾಗಿದೆ.

ಕಲಬುರಗಿಯ ಅಂಚಿನ ತಾಜಸುಲ್ತಾನಪುರದಲ್ಲಿ ಒಬ್ಬ ತರುಣನು ತನ್ನ ಸೀಮೆಯದೇ ಒಂದು ಕಾಳಗವನ್ನು ಇಂತಹ ಆಟವಾಗಿ ಕಟ್ಟಲು ಹೊರಟನೆಂದು ಭಾವಿಸಿದರೆ ವಿಷಯವು ಸ್ಪಷ್ಟವಾಗುವುದು. ಅವನ ಕೈಗೆ ಮೊದಲು ಸಿಕ್ಕುವುದು ೧೪೨೨ರ ಪ್ರಸಂಗ. ಬಹಮನೀ ಸುಲ್ತಾನ ಫಿರೋಜಶಹನು ವೃದ್ಧನಾಗಿ, ಮಗನಿಗೆ ಪಟ್ಟವಾಗಬೇಕೆಂದು ಬಯಸಿದನು; ತಮ್ಮನಾದ ಅಹಮದಖಾನನು ಪ್ರಾಣಭಯದಿಂದ ರಾಜಧಾನಿಯನ್ನು ಬಿಟ್ಟು ಕಲ್ಯಾಣದ ಕಡೆಗೆ ಸರಿದನು. ಬೆನ್ನಟ್ಟಿ ಬಂದ ಸುಲ್ತಾನನ ದಂಡನ್ನು ಇದಿರಿಸಲು ಅವನಲ್ಲಿ ಸಾಕಷ್ಟು ಜನವಿರಲಿಲ್ಲ. ಆಗ ಖಲಫ್ ಹಸನನೆಂಬ ವರ್ತಕನು ಧಾನ್ಯ ಸಾಗಿಸುವ ವ್ಯಾಪಾರಿಗಳ ಎತ್ತುಗಳ ಹಿಂಡನ್ನು ತಂದು, ಅವುಗಳ ಮೇಲೆ ಬಾವುಟಗಳನ್ನು ಕಟ್ಟಿಸಿ, ದೂರದಿಂದ ಕುದುರೆದಂಡಿನಂತೆ ಕಾಣುವ ಹಾಗೆ ಮಾಡಿದನಂತೆ. ಸುಲ್ತಾನನ ಸೈನ್ಯವು ಬೆದರಿ ಮುರಿಯಿತು. ಬಳಿಕ ರೋಗಪೀಡಿತನಾದ ಫಿರೋಜಶಹನು ಪಾಲಕಿಯಲ್ಲಿಯೇ ಕಲಬುರಗಿಯ ಹೊರಗೆ ತಮ್ಮನ ಮೇಲೆ ಬಂದನು. ನಡುವೆ ಮೂರ್ಛೆ ಹೋದುದರಿಂದ ಸತ್ತನೆಂಬ ಸುದ್ದಿ ಹಬ್ಬಿ, ದಂಡು ಅಹಮದನ ಕಡೆಗೆ ಹೋಯಿತು. ಕೊನೆಗೆ ಅಣ್ಣನೇ ಕೋಟೆಯ ಬಾಗಿಲು ತೆಗೆಯಿಸಿ ತಮ್ಮನಿಗೆ ರಾಜ್ಯವನ್ನೊಪ್ಪಿಸಿದನು. ಅಲ್ಪಕಾಲದಲ್ಲಿಯೇ ತೀರಿಕೊಂಡ ಆ ಸುಲ್ತಾನನ ಗೋರಿಯು ಇಂದಿಗೂ ಕಲಬುರಗಿಯ ಹಫ್ತ್ ಗುಂಬಜಿನಲ್ಲಿದೆ. ಇದೆಲ್ಲವನ್ನೂ ಹೇಳುವವನು ಫೆರಿಷ್ತಾ. ಅವನು ವಿಜಾಪುರದಲ್ಲಿ ಕುಳಿತು ಬರೆದದ್ದು ಸಂಗತಿ ನಡೆದು ಹೆಚ್ಚುಕಡಮೆ ಇನ್ನೂರು ವರ್ಷಗಳಾದ ಮೇಲೆ ಎಂಬುದನ್ನು ಮರೆಯಲಾಗದು.

ಇನ್ನು ಪಟದ ಮಾತು. ಸರ್ವೇ ಇಲಾಖೆಯವರು ದೇಶವನ್ನು ಅಕ್ಷಾಂಶ ರೇಖಾಂಶಗಳಿಂದ ಮನೆಮನೆಯಾಗಿ ವಿಭಾಗಿಸಿ ಅಂಕಿಯಿಟ್ಟಿದ್ದಾರೆ. ಹಳೆಯ ಕ್ರಮದ ಪ್ರಕಾರ ಕಲಬುರಗಿಯು ೫೬ ಸಿ/೧೫ನೆಯ ಹಾಳೆಯಲ್ಲಿಯೂ, ಕಲ್ಯಾಣವು ೫೬ ಸಿ/೧೩ರಲ್ಲಿಯೂ ಬೀಳುತ್ತವೆ, ನಡುವಿನದು ೧೪. ಮೂರು ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿದರೆ ಸೋಮೇಶ್ವರನು ಚದುರಂಗವನ್ನು ವರ್ಣಿಸಿದ ಪಟ್ಟಣದಿಂದ ಫಿರೋಜಶಹನು ಮೂರ್ಛೆಹೋದ ಬಯಲಿನವರೆಗಿನ ನೆಲವೆಲ್ಲವೂ ಕಣ್ಣಮುಂದೆ ಬರುತ್ತದೆ. ಒಂದಂಗುಲಕ್ಕೆ ಒಂದು ಮೈಲಿಯ ಹಳೆಯ ಹಾಳೆಗಳೂ, ತರುವಾಯ ಬಂದ ೧:೫೦೦೦೦ ಪ್ರಮಾಣದವೂ ಸಮೋನ್ನತಿ ರೇಖೆಗಳಿಂದ ಏರುತಗ್ಗನ್ನು ತಿಳಿಸುತ್ತವೆ. ಹಳ್ಳ, ಕೆರೆ, ಬಾವಿ, ಗಾಡಿದಾರಿ, ಗುಡಿ, ಮಸೀದಿ ಎಲ್ಲಕ್ಕೂ ಅಲ್ಲಿ ಚಿಹ್ನೆಗಳುಂಟು. ಇವುಗಳನ್ನು ಪಡೆಯುವುದು ಬಹುಕಾಲ ಸುಲಭವಾಗಿರಲಿಲ್ಲ. ೨೦೦೫ರ ಭೂಪಟ ನೀತಿಯು ರಕ್ಷಣೆಗೆ ಬೇರೆ, ಸಾರ್ವಜನಿಕರಿಗೆ ಬೇರೆ ಎಂದು ಎರಡು ಮಾಲಿಕೆಗಳನ್ನು ಮಾಡಿತು. ೨೦೧೭ರಿಂದ ಸಾರ್ವಜನಿಕ ಮಾಲಿಕೆಯ ಹಾಳೆಗಳು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯತೊಡಗಿದವು. ೨೦೨೧ರಲ್ಲಿ ನಿಬಂಧನೆಗಳು ಇನ್ನಷ್ಟು ಸಡಿಲವಾದವು. ಅಮೆರಿಕದ ಸೈನ್ಯದವರು ೧೯೫೦ರ ಸುಮಾರಿನಲ್ಲಿ ಮಾಡಿದ ೧:೨೫೦೦೦೦ರ ಪಟಗಳು ಟೆಕ್ಸಸ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದ ಮೂಲಕ ಯಾರಿಗಾದರೂ ಲಭ್ಯ. ತನ್ನ ಊರಿನ ನೆಲವನ್ನು ಕಾಣಲು ಏಳು ಸಮುದ್ರದಾಚೆಯ ಭಂಡಾರದ ಬಾಗಿಲು ತಟ್ಟುವುದು ವಿಚಿತ್ರವೇ ಸರಿ. ಆದರೂ ತಟ್ಟಿದವನಿಗೆ ಬಾಗಿಲು ತೆರೆಯಿತೆಂಬುದು ದೊಡ್ಡ ಮಾತು.

ಪಟವು ದೊರೆತಲ್ಲಿಗೆ ಕಷ್ಟವು ತೀರಲಿಲ್ಲ. ನಿಜವಾಗಿ ಅಲ್ಲಿಂದಲೇ ಆರಂಭ. ಇಂದಿನ ಪಟದಲ್ಲಿ ಕಾಣುವುದು ಇಂದಿನ ನೆಲ. ೧೮೭೧ರಲ್ಲಿ ರಾಯಚೂರು ಮುಟ್ಟಿದ ರೈಲುದಾರಿಯನ್ನೂ, ಸುತ್ತುರಸ್ತೆಯನ್ನೂ, ಬೆಳೆದ ಬಡಾವಣೆಗಳನ್ನೂ ಅಳಿಸಬಹುದು. ಅಳಿಸಿದ ಜಾಗದಲ್ಲಿ ಏನನ್ನು ಬರೆಯುವುದು? ರಕ್ಕಸಗಿ ತಂಗಡಗಿಗಳ ಹೆಸರಿನಿಂದ ಪ್ರಸಿದ್ಧವಾದ ೧೫೬೫ರ ಜನವರಿಯ ಮಹಾಯುದ್ಧವನ್ನು ಕಟ್ಟುವವರಿಗೆ ಈ ತೊಡಕು ಇನ್ನೂ ಹಿರಿದು. ತಾಳಿಕೋಟೆಯ ಯುದ್ಧವೆಂದು ಎಲ್ಲರ ಬಾಯಲ್ಲಿಯೂ ಇದ್ದರೂ ಆ ಊರು ಕೃಷ್ಣೆಗೆ ಬಹುದೂರ ಉತ್ತರದಲ್ಲಿ ದೋಣಿಯ ದಡದಲ್ಲಿದೆ. ಕಾಳಗವು ಕೃಷ್ಣೆಯ ದಕ್ಷಿಣಕ್ಕೆ ನಡೆಯಿತೆಂದು ಸೂಯೆಲ್ ಪಂಡಿತನು ೧೯೦೦ರಲ್ಲಿಯೇ ಬರೆದನು. ಸುಲ್ತಾನರು ನದಿಯ ಗುಂಟ ಸರಿದುಹೋದಂತೆ ನಟಿಸಿ, ರಾಮರಾಯನ ಕಾವಲು ತೆರವಾದೊಡನೆ ಹಿಂದಿರುಗಿ ಹಾಯ್ಗಡವನ್ನು ದಾಟಿದರೆಂಬುದೇ ಆ ಯುದ್ಧದ ತಿರುಳು. ಈಗಿನ ಹಾಳೆಯನ್ನು ತೆರೆದರೆ ಆ ಭಾಗದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಹರಡಿದೆ. ಹಾಯ್ಗಡವು ನೀರಿನಡಿಯಲ್ಲಿ ಮುಳುಗಿದ ಮೇಲೆ, ಅಣೆಕಟ್ಟಿಗೆ ಮುಂಚಿನ ಹಳೆಯ ಹಾಳೆಯನ್ನೇ ಹುಡುಕಿ ತರಬೇಕು. ಅದೂ ೧೫೬೫ರ ನದಿಯಲ್ಲ. ಆದರೆ ಸತ್ಯಕ್ಕೆ ಒಂದು ಹೆಜ್ಜೆ ಸಮೀಪ.

ಇಲ್ಲಿಯೇ ಪ್ರಲೋಭನೆಯು ಬರುತ್ತದೆ. ಭೂಪಟವೆಂಬುದು ಅಧಿಕಾರವಾಣಿಯಲ್ಲಿ ಮಾತನಾಡುವ ವಸ್ತು. ಗ್ರಂಥದಲ್ಲಿ “ಸುಮಾರು”, “ಇರಬಹುದು” ಎಂದು ಬರೆಯಲು ಅವಕಾಶವಿದೆ. ಪಟದ ರೇಖೆಯಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಸುಲ್ತಾನನ ಪಾಲಕಿಯನ್ನು ಇಳಿಸಿದ ಸ್ಥಳವು ಇದೇ ಎಂದು ಚುಕ್ಕೆಯಿಟ್ಟರೆ, ಹತ್ತು ವರ್ಷಗಳಲ್ಲಿ ಆ ಚುಕ್ಕೆಯೇ ಪ್ರಮಾಣವಾಗುವುದು. ಆಟವಷ್ಟೇ, ಯಾರಿಗೇನು ನಷ್ಟವೆಂದು ಕೇಳಬಹುದು. ನಷ್ಟವುಂಟು. ೧೫೬೫ರ ಹೆಸರಿನಲ್ಲಿ ಇಂದಿಗೂ ಜನರು ಜಗಳಾಡುತ್ತಾರೆ; ಅಂತಹ ನೆಲದ ಮೇಲೆ ಕಲ್ಪನೆಯ ಗೆರೆಯನ್ನು ನಿಜದ ಶಾಯಿಯಲ್ಲಿ ಎಳೆಯುವುದು ಸುಳ್ಳುಸಾಕ್ಷಿಗೆ ಸಮಾನ. ಪ್ರತ್ಯಕ್ಷದಿಂದ ತಿಳಿದುದನ್ನು ಒಂದು ಬಣ್ಣದಲ್ಲಿಯೂ, ಅನುಮಾನದಿಂದ ಸಾಧಿಸಿದುದನ್ನು ಇನ್ನೊಂದು ಬಣ್ಣದಲ್ಲಿಯೂ ತೋರಿಸಿ, ತಿಳಿಯದುದನ್ನು ಬರಿದಾಗಿಯೇ ಬಿಡುವ ಕರ್ತೃವು ಆಟದ ಸೊಗಸನ್ನು ಕೊಂಚ ಕೆಡಿಸಿಯಾನು. ಪ್ರಮಾಣಶಾಸ್ತ್ರಕ್ಕೆ ಮಾತ್ರ ದ್ರೋಹ ಬಗೆಯನು.

ಪಟವು ಸರ್ವಥಾ ಹೇಳದ ಸಂಗತಿಯೊಂದಿದೆ. ಅಹಮದನಿಗೆ ಪಟ್ಟವಾದುದು ಸೆಪ್ಟೆಂಬರಿನಲ್ಲಿ. ಆಗ ಈ ಸೀಮೆಯ ಎರೆಭೂಮಿಯು ಮಳೆಯಿಂದ ನೆನೆದು, ಮುಂಗಾರು ಪೈರು ಎದ್ದುನಿಂತಿರುವ ಕಾಲ. ಸಮೋನ್ನತಿ ರೇಖೆಯು ಸಮತಟ್ಟಾದ ಬಯಲೆಂದು ತೋರಿಸುವಲ್ಲಿ ಕುದುರೆಯ ಗೊರಸು ಕೆಸರಿನಿಂದ ಮೇಲೇಳುವುದಿಲ್ಲ. ಗಾಡಿಯ ಚಕ್ರಕ್ಕೆ ಮಣ್ಣು ಅಂಟಿ ಎರಡರಷ್ಟಾಗುವುದು. ತಾಜಸುಲ್ತಾನಪುರದ ರೈತನೊಬ್ಬನನ್ನು ಕೇಳಿದರೆ ಅವನು ಪಟವಿಲ್ಲದೆಯೇ ಇದನ್ನು ಹೇಳಿಯಾನು. ಕೌಟಿಲ್ಯನು ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ ಪದಾತಿ, ಅಶ್ವ, ರಥ, ಗಜಗಳಿಗೆ ಯೋಗ್ಯವಾದ ಭೂಮಿಗಳನ್ನು ಬೇರೆಬೇರೆಯಾಗಿ ವಿಂಗಡಿಸಿದ್ದಾನೆ. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಆ ಗ್ರಂಥವನ್ನು ಅಚ್ಚುಹಾಕಿಸಿದಂದಿನಿಂದ ಕನ್ನಡಿಗರಿಗೆ ಅದು ಮನೆಯ ವಸ್ತುವೇ. ನೆಲವನ್ನು ನಡೆದು ತಿಳಿಯತಕ್ಕದ್ದೆಂಬ ಭಾವವು ಆ ವಿಂಗಡಣೆಯಲ್ಲಿಯೇ ಇದೆ. ನಡೆದು ನೋಡಿದವನಿಗೆ ತುಳಿಯಲ್ಪಟ್ಟ ಪೈರಿನ ನೆನಪೂ ಬಾರದಿರದು.

ಇಂತಹ ಆಟದಿಂದ ಮನಸ್ಸು ಕಠೋರವಾಗುವುದೆಂಬ ಪೂರ್ವಪಕ್ಷವನ್ನು ಹಗುರವಾಗಿ ಕಾಣಲಾಗದು. ಪ್ರಷ್ಯದ ಅಧಿಕಾರಿಗಳು ಪಟದ ಮೇಲೆ ಆಡಿ ಕಲಿತುದನ್ನು ೧೮೬೬ರಲ್ಲಿಯೂ ೧೮೭೦ರಲ್ಲಿಯೂ ನಿಜವಾದ ಹಳ್ಳಿಗಳ ಮೇಲೆ ಪ್ರಯೋಗಿಸಿದರು. ಇದಕ್ಕೆ ಆಟವನ್ನು ನಿಷೇಧಿಸುವುದು ಉತ್ತರವೆಂದು ತೋರುವುದಿಲ್ಲ. ಹಾಗಾದರೆ ಮಹಾಭಾರತವನ್ನೂ ಮುಚ್ಚಿಡಬೇಕಾಗುವುದು. ಆದರೆ ವ್ಯಾಸರ ಕ್ರಮವನ್ನು ಗಮನಿಸಬೇಕು. ಹದಿನೆಂಟು ದಿನಗಳ ವ್ಯೂಹಗಳನ್ನು ಅಷ್ಟು ವಿಸ್ತಾರವಾಗಿ ಹೇಳಿದ ಮೇಲೆ ಅವರು ಓದುಗನನ್ನು ಮನೆಗೆ ಕಳುಹಿಸುವುದಿಲ್ಲ. ಸ್ತ್ರೀಪರ್ವದಲ್ಲಿ ಗಾಂಧಾರಿಯೊಡನೆ ಅದೇ ಕುರುಕ್ಷೇತ್ರವನ್ನು ಮತ್ತೊಮ್ಮೆ ತೋರಿಸುತ್ತಾರೆ. ನೆಲ ಒಂದೇ, ನೋಟ ಬೇರೆ. ಯುದ್ಧಕ್ರೀಡೆಯು ಹದಿನೆಂಟನೆಯ ದಿನದ ಸಂಜೆಗೆ ಗೆದ್ದವರನ್ನು ಎಣಿಸಿ ಮುಗಿಯುತ್ತದೆ. ಅದರ ಕೊರತೆಯಿರುವುದು ಅಲ್ಲಿ.

ಹಾಗೆಂದು ಪ್ರತಿ ಆಟಕ್ಕೂ ಒಂದು ವಿಲಾಪವನ್ನು ಅಂಟಿಸಬೇಕೆಂದಲ್ಲ, ಅದು ಹಾಸ್ಯಾಸ್ಪದವಾದೀತು. ಪಟದ ಮೇಲಿನ ಹಳ್ಳಿಯನ್ನು ಕುದುರೆದಂಡಿನ ವೇಗಕ್ಕೆ ಅಡ್ಡಿಯಾದ ಒಂದು ಚೌಕವೆಂದು ಮಾತ್ರ ಎಣಿಸದೆ, ದಂಡು ಹಾದುಹೋದ ಹಳ್ಳಿಯಲ್ಲಿ ಮೇವು, ಧಾನ್ಯ, ಬಾವಿಯ ನೀರು ಎಷ್ಟು ಕಡಮೆಯಾಯಿತೆಂಬ ಲೆಕ್ಕವನ್ನು ನಿಯಮಗಳೊಳಗೆ ಸೇರಿಸಿದರೆ ಸಾಕು. ಆಗ ಗೆಲವಿನ ಬೆಲೆಯು ಆಟಗಾರನ ಕೈಗೇ ತಗಲುವುದು. ಆ ತರುಣನು ಮೂರು ಹಾಳೆಗಳನ್ನು ಅಂಟಿಸಿ, ರೈಲುದಾರಿಯನ್ನು ಅಳಿಸಿ, ಎರೆಭೂಮಿಗೆ ಬಣ್ಣ ಬಳಿದು, ಸುಲ್ತಾನನ ಕುದುರೆಗಳಿಗೂ ಅಹಮದಖಾನನ ಕುದುರೆಗಳಿಗೂ ಗುರುತುಗಳನ್ನು ಕತ್ತರಿಸಿಟ್ಟ ಮೇಲೆ ಅವನೆದುರಿಗೆ ಆ ಎತ್ತುಗಳು ಉಳಿದಿರುತ್ತವೆ. ಅವುಗಳನ್ನು ಸುಳ್ಳು ಸವಾರರೆಂದು ಎಣಿಸುವುದೋ, ಯಾರದೋ ಜೀವನೋಪಾಯವೆಂದು ಎಣಿಸುವುದೋ, ಇಲ್ಲವೆ ಎರಡಕ್ಕೂ ಒಂದೊಂದು ಗುರುತನ್ನು ಕತ್ತರಿಸುವುದೋ, ಅದನ್ನು ಯಾವ ಸರ್ವೇ ಹಾಳೆಯೂ ಅವನಿಗೆ ತಿಳಿಸಲಾರದು.