ದಿನಕ್ಕೊಂದು ಮಿಲಿಮೀಟರ್

ಕಿಟಕಿಯ ಗಾಜು ತಗುಲಿ ಯಾರದಾದರೂ ಮಣಿಕಟ್ಟು ಕುಯ್ದುಹೋದರೆ ನಾವು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಹೊಲಿಗೆ ಬಿತ್ತು?’ ರಕ್ತ ನಿಂತು ಚರ್ಮ ಕೂಡಿಕೊಂಡರೆ ಗಂಡಾಂತರ ಕಳೆಯಿತು ಎಂದುಕೊಳ್ಳುತ್ತೇವೆ. ಬೆರಳ ತುದಿ ಮುಟ್ಟಿದರೆ ಗೊತ್ತಾಗುತ್ತದೆಯೇ ಎಂದು ಕೇಳುವವರು ಕಡಿಮೆ. ಕಿರುಬೆರಳೂ ಅದಕ್ಕೆ ತಾಗಿದ ಅರ್ಧ ಉಂಗುರ ಬೆರಳೂ ಮರಗಟ್ಟಿದ್ದರೆ ಪೆಟ್ಟು ಅಲ್ನರ್ ನರಕ್ಕೆ ಬಿದ್ದಿರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮೀಡಿಯನ್ ನರಕ್ಕೆ. ಬಾವು ಇಳಿದರೆ ಸರಿಹೋದೀತು ಎಂದು ತಿಂಗಳುಗಟ್ಟಲೆ ತಳ್ಳುವುದು ಬೇಡ. ಬೇಗ ತೋರಿಸಿದರೆ ತುಂಡಾದ ಎರಡು ತುದಿಗಳನ್ನೂ ನೇರವಾಗಿ ಕೂಡಿಸಲು ಸಾಧ್ಯವಾಗುತ್ತದೆ. ತಡವಾದರೆ ಅವು ಹಿಂದೆ ಸರಿದು ಗಂಟುಕಟ್ಟುತ್ತವೆ. ಆಗ ಕಾಲಿನಿಂದ ನರದ ಒಂದು ತುಂಡು ತೆಗೆದು ನಡುವೆ ಕಸಿ ಮಾಡಬೇಕಾಗುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ ಹಾಕುವ ಹೊಲಿಗೆ ಅದು. ಆದರೂ ಹೊಲಿದ ಮಾತ್ರಕ್ಕೆ ಬೆರಳು ಆಡುವುದಿಲ್ಲ. ಗಾಯದಿಂದಾಚೆಯ ತಂತುಗಳು ಅಷ್ಟರಲ್ಲೇ ಶಿಥಿಲವಾಗಿ, ಅವು ಹಾದುಹೋಗುತ್ತಿದ್ದ ಕೊಳವೆಯಷ್ಟೇ ಉಳಿದಿರುತ್ತದೆ. ಈ ಕ್ಷಯವನ್ನು ಅಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನಾಲಗೆಯ ನರಗಳಲ್ಲಿ ತೋರಿಸಿಕೊಟ್ಟಿದ್ದ. ಹೊಸ ತಂತು ಆ ಕೊಳವೆಯೊಳಗೆ ದಿನಕ್ಕೆ ಸುಮಾರು 1 ಮಿಲಿಮೀಟರ್ ತೆವಳುತ್ತದೆ. ಮಣಿಕಟ್ಟಿನಿಂದ ಬೆರಳ ತುದಿ ಮುಟ್ಟಲು ಅರ್ಧ ವರ್ಷ ಬೇಕು. ಗಾಯ ತೋಳಿನ ಮೇಲ್ಭಾಗದಲ್ಲಿದ್ದರೆ ವರ್ಷ ದಾಟುತ್ತದೆ. ಇತ್ತ ನರವಿಲ್ಲದ ಸ್ನಾಯು ಸೊರಗುತ್ತಾ ಹೋಗಿ, ಒಂದು ಒಂದೂವರೆ ವರ್ಷ ಕಳೆದ ಮೇಲೆ ನರ ಬಂದರೂ ಏಳುವುದಿಲ್ಲ.

ಬೈಕಿನಿಂದ ಬಿದ್ದು ಕುತ್ತಿಗೆಯ ಬುಡದಲ್ಲೇ ನರ ಹರಿದುಕೊಂಡವರಿಗೆ ಈ ಲೆಕ್ಕ ಕೂಡುವುದೇ ಕಷ್ಟ. ಫ್ರಾನ್ಸಿನ ಶಸ್ತ್ರವೈದ್ಯ ಕ್ರಿಸ್ತೋಫ್ ಒಬರ್ಲಿನ್ 1994ರಲ್ಲಿ ಅಂಥವರಿಗೊಂದು ಅಡ್ಡದಾರಿ ಪ್ರಕಟಿಸಿದರು: ತೋಳಿನಲ್ಲೇ ಹಾದುಹೋಗುವ, ಸುಸ್ಥಿತಿಯಲ್ಲಿರುವ ಅಲ್ನರ್ ನರದಿಂದ ಒಂದೆಳೆ ಬಿಡಿಸಿ, ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ ಜೋಡಿಸುವುದು. ಕೊಟ್ಟ ನರಕ್ಕೆ ಆಗುವ ನಷ್ಟ ಅತ್ಯಲ್ಪ. ಮೊದಮೊದಲು ಮೊಣಕೈ ಮಡಿಸಬೇಕೆಂದರೆ ಮುಷ್ಟಿ ಬಿಗಿಯಬೇಕು, ಏಕೆಂದರೆ ಆಜ್ಞೆ ಇನ್ನೂ ಹಳೆಯ ಹೆಸರಿನಲ್ಲೇ ಹೊರಡುತ್ತಿರುತ್ತದೆ. ಅಭ್ಯಾಸ ಬಿಡದಿದ್ದರೆ ಮೆದುಳು ಹೊಸ ದಾರಿಯನ್ನು ತನ್ನದಾಗಿಸಿಕೊಳ್ಳುತ್ತದೆ.

ವೈದ್ಯರದು ಕೆಲವು ಗಂಟೆಗಳ ಕೆಲಸ, ಉಳಿದ ತಿಂಗಳುಗಳು ಮನೆಯವರದು. ಬಂದ ನೆಂಟರು ‘ಇನ್ನೂ ಕೈ ಬಂದಿಲ್ವಾ?’ ಎಂದು ನಿಟ್ಟುಸಿರು ಬಿಡುತ್ತಾರೆ. ತಾನಾಗಿ ಆಡದ ಬೆರಳನ್ನು ವೈದ್ಯರು ಅಪ್ಪಣೆ ಕೊಟ್ಟಂದಿನಿಂದ ಗೆಣ್ಣುಗೆಣ್ಣಾಗಿ ಮಡಿಸಿ ಬಿಡಿಸುತ್ತಿರಬೇಕು. ಇಲ್ಲವಾದರೆ ನರ ತಲುಪುವ ಹೊತ್ತಿಗೆ ಕೀಲು ಸೆಟೆದುಕೊಂಡಿರುತ್ತದೆ. ಸ್ಪರ್ಶವಿಲ್ಲದ ಕೈಗೆ ಬಿಸಿ ಕಾಫಿಯ ಸ್ಟೀಲ್ ಲೋಟವೂ ತಣ್ಣಗೇ. ಬೊಬ್ಬೆ ಎದ್ದ ಮೇಲಷ್ಟೇ ಸುಟ್ಟದ್ದು ತಿಳಿಯುತ್ತದೆ. ಸ್ಪರ್ಶ ಮರಳತೊಡಗಿದಾಗಲೂ ಅದು ಅರೆಬರೆ, ಮುಟ್ಟಿದ್ದು ಒಂದಾದರೆ ಅನಿಸುವುದು ಇನ್ನೊಂದು. ಕಣ್ಣು ಮುಚ್ಚಿಸಿ ಕೈಗೊಂದು ವಸ್ತು ಕೊಟ್ಟು ಗುರುತಿಸಿ ಎನ್ನುವುದೂ ಆಗ ಚಿಕಿತ್ಸೆಯೇ. ನೋಡಲು ಹೋದವರು ಸೇಬಿನ ಚೀಲ ಇಟ್ಟು ಎದ್ದು ಬರುವ ಬದಲು ಕಾಲು ಗಂಟೆ ಕೂತು, ಅಡುಗೆಮನೆಯಿಂದ ಕಡಲೆ, ಅಂಗಿಯ ಗುಂಡಿ, ಒಂದು ನಾಣ್ಯ ತರಿಸಿಕೊಂಡು ಈ ಪರೀಕ್ಷೆ ನಡೆಸಬಹುದು. ಮನೆಯ ಮಕ್ಕಳೂ ಸೇರಿಕೊಳ್ಳುತ್ತಾರೆ. ನಡುವೆ ಮೋಸಕ್ಕೆಂದು ಒಂದು ಹುಣಸೆಬೀಜ ಇಟ್ಟಾರು, ಇಡಲಿ.