ಇರುವೆಯ ಎಚ್ಚರಿಕೆ



ಮುಂಗಾರು ಬಿದ್ದಿತೆಂದರೆ ಕಡೂರಿನ ತೆಂಗಿನ ತೋಟ, ಅಜ್ಜಂಪುರದ ಹೊಲದ ಬದು, ತರೀಕೆರೆಯ ಅಡಿಕೆ ತೋಟಗಳಲ್ಲಿ ಹಾವುಗಳ ಓಡಾಟ ಹೆಚ್ಚುತ್ತದೆ. ಬಿಲಗಳಿಗೆ ನೀರು ನುಗ್ಗುತ್ತದೆ, ಕಪ್ಪೆಗಳು ಹೊರಬರುತ್ತವೆ, ಕೇರೆ, ನಾಗರಗಳ ಮರಿಗಳು ಮೊಟ್ಟೆಯೊಡೆಯುತ್ತವೆ. ತರೀಕೆರೆಯಿಂದ ಲಕ್ಕವಳ್ಳಿಗೆ, ಭದ್ರಾ ಅಭಯಾರಣ್ಯದ ಅಂಚಿಗೆ ಮಳೆಗಾಲದ ಸಂಜೆ ಹೋಗಿದ್ದೀರಾ? ಹಾವು ರಸ್ತೆ ದಾಟುವುದನ್ನು ಕಂಡಿರಬಹುದು. ಬೆಳಿಗ್ಗೆ ಗಾಲಿಗೆ ಸಿಕ್ಕಿ ಸತ್ತುದನ್ನೂ ಕಂಡಿರಬಹುದು.

ಪವಿತ್ರ ಕುರ್‌ಆನಿನ ಅನ್ನಮ್ಲ್ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಪ್ರವಾದಿ ಸುಲೈಮಾನ್(ಅ)ರ ಸೇನೆ ಬರುತ್ತಿದ್ದಾಗ ಒಂದು ಇರುವೆಯು, ಅವರು ಅರಿಯದೆ ತುಳಿದುಬಿಟ್ಟಾರು, ಗೂಡು ಸೇರಿರೆಂದು ತನ್ನವರನ್ನು ಎಚ್ಚರಿಸಿತು. ಅದನ್ನು ಕೇಳಿದ ಆ ಮಹಾನ್ ದೊರೆ ಮುಗುಳ್ನಕ್ಕು, ಕೃತಜ್ಞನಾಗಿರುವ ಭಾಗ್ಯಕ್ಕಾಗಿ ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಇರುವೆಯು 'ಅರಿಯದೆ' ಎಂದಿತು. ವಾಹನದ ದೀಪದ ಬೆಳಕಿನಲ್ಲಿ ಕಣ್ಣಾರೆ ಕಂಡೂ ಗಾಲಿ ಹರಿಸುವ ನಮಗೆ ಆ ನೆಪವೂ ಇಲ್ಲ!

ಅನ್ನೂರ್ ಅಧ್ಯಾಯದಲ್ಲಿ ಜೀವಿಗಳನ್ನು ಹೇಳುವಾಗ ಎರಡು ಕಾಲಿನವರಿಗಿಂತ ಮೊದಲು ಹೊಟ್ಟೆಯ ಮೇಲೆ ತೆವಳುವವುಗಳ ಪ್ರಸ್ತಾಪವಿದೆ. ಅವೂ ಅವನ ಸೃಷ್ಟಿಯೇ.

ಹಾವನ್ನು ಕೊಲ್ಲಲು ಹೇಳುವ ಹದೀಸ್‌ಗಳಿವೆಯಲ್ಲವೇ ಎಂದು ನೀವು ಕೇಳಬಹುದು. ನಿಜ, ಅಪಾಯದಿಂದ ಜೀವ ಕಾಪಾಡಿಕೊಳ್ಳಲು ಅನುಮತಿಯಿದೆ. ಆದರೆ ಮಿನಾದ ಗುಹೆಯಲ್ಲಿ ಸಹಾಬಿಗಳ ಕೈಯಿಂದ ಹಾವೊಂದು ತಪ್ಪಿಸಿಕೊಂಡಾಗ ಪ್ರವಾದಿವರ್ಯರು(ಸ) ಏನೆಂದರು? ಅದು ನಿಮ್ಮ ಕೇಡಿನಿಂದ ಪಾರಾಯಿತು, ನೀವು ಅದರ ಕೇಡಿನಿಂದ ಪಾರಾದಿರಿ ಎಂಬರ್ಥದಲ್ಲಿ ನುಡಿದರು. ವಿಷ ಹಾವಿನಲ್ಲಿ ಮಾತ್ರ ಇಲ್ಲ. ಮನುಷ್ಯನೂ ಅದಕ್ಕೆ ಕೇಡೇ. ಮನೆಯಲ್ಲಿ ಕಂಡ ಹಾವಿಗೂ ಮೊದಲು ಎಚ್ಚರಿಕೆ ಕೊಡಬೇಕೆಂದು ಅವರು ಕಲಿಸಿದ್ದಾರೆ.

ಅಮೆರಿಕದ ಇಲಿನಾಯ್ ರಾಜ್ಯದ ಒಂದು ಕಾಡಿನಲ್ಲಿ ಹಾವುಗಳು ಶರತ್ಕಾಲದಲ್ಲಿ ಜೌಗುನೆಲದಿಂದ ಸುಣ್ಣಕಲ್ಲಿನ ಬಂಡೆಗಳಿಗೆ ಹೋಗಿ, ವಸಂತದಲ್ಲಿ ಮರಳುತ್ತವೆ. ಅವುಗಳಿಗಾಗಿ 1972ರಿಂದ ಸುಮಾರು 4 ಕಿ.ಮೀ. ರಸ್ತೆಯನ್ನು ವರ್ಷಕ್ಕೆರಡು ಬಾರಿ ವಾಹನಗಳಿಗೆ ಮುಚ್ಚಲಾಗುತ್ತಿದೆ. ಜನರು ನಡೆದು ಹೋಗಿ ದೂರದಿಂದ ನೋಡುತ್ತಾರೆ. ಅಲ್ಲಾಹನ ದೃಷ್ಟಾಂತಗಳ ಬಗ್ಗೆ ಚಿಂತಿಸಲು ಆಜ್ಞಾಪಿಸಲ್ಪಟ್ಟ ನಾವು ಒಂದು ನಿಮಿಷ ವಾಹನ ನಿಲ್ಲಿಸಲಾರೆವೇ?

ಕಾಡಂಚಿನಲ್ಲಿ ನಿಧಾನವಾಗಿ ಸಾಗಿರಿ. ಹಾವು ಕಂಡರೆ ಇಳಿಯದೆ, ಕಲ್ಲೆಸೆಯದೆ ಮಕ್ಕಳಿಗೆ ತೋರಿಸಿರಿ. ಅದು ದಾಟಿ ಹೋಗಲಿ. ಇಶಾ, ಫಜ್ರ್ ನಮಾಝ್‌ಗೆ ಹೊರಡುವಾಗ ಟಾರ್ಚ್ ಹಿಡಿಯಿರಿ. ಹಾವು ಕಚ್ಚಿದರೆ ಗಾಯ ಕೊಯ್ಯದೆ, ತಾಯತಕ್ಕಾಗಿ ಅಲೆಯದೆ, ತಕ್ಷಣ ಸರಕಾರಿ ಆಸ್ಪತ್ರೆಗೆ ಕೊಂಡೊಯ್ಯಿರಿ. ಅದರ ಮದ್ದು ಅಲ್ಲಿದೆ.

ಭೂಮಿಯ ಮೇಲೆ ವಿನಯದಿಂದ ನಡೆಯುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.